ಮಠದಾಕಿಯ ಕೈಗೆ ಸಿಗದ ಕಾಲು

"ಹೆದರಬೇಡಿ, ಕಾಲು ಊರಿ, ಏನೂ ಆಗೋದಿಲ್ಲ."

ರಬಕವಿಯ ನಮ್ಮ ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ನಾನು ದಿನಾ ಹೇಳುವ ಮಾತಿದು. ಈ ಅಂಕಣದಲ್ಲೂ ನಿಮಗೆ ಎಷ್ಟೋ ಸಲ ಹೇಳಿದ್ದೇನೆ. ಕಳೆದ ಸೋಮವಾರ ಅದನ್ನು ನನಗೆ ನಾನೇ ಹೇಳಿಕೊಂಡೆ. ಒಂದು ಚೂರೂ ಉಪಯೋಗವಾಗಲಿಲ್ಲ.

ಅವತ್ತು ಮಾಸ್ಟರ್ಸ್ ಸೀಟಿಗೆ ಇಂಟರ್‌ವ್ಯೂ. (ಹೌದು, ಈ ವಯಸ್ಸಿನಲ್ಲಿ. ನಗಬೇಡಿ.) ಹಿಂದೆ ಎರಡು ಸಲ ಹೋಗಿ ಬರಿಗೈಲಿ ಬಂದವಳು ನಾನು. ಲಕ್ವಾ ಹೊಡೆದವರು ಕ್ಲಿನಿಕ್ಕಿಗೆ ಬಂದರೆ ನನಗೆ ಗೊತ್ತಿರುವುದು ಸಾಲುವುದಿಲ್ಲ. ದೂರದ ಊರಿಗೆ ಹೋಗಿ ಅನ್ನುತ್ತೇನೆ, ಎಷ್ಟೋ ಜನ ಹೋಗುವುದೇ ಇಲ್ಲ. ಅದಕ್ಕೇ ಈ ಹಟ.

ಬಸ್ ಹತ್ತಿಸುವಾಗ ನಮ್ಮ ಯಜಮಾನರು, "ಇದ ಕಡೀ ಸಲ ನೋಡು. ಆಮ್ಯಾಲ ಕೇಳಬ್ಯಾಡ" ಅಂದರು. ಸಿಟ್ಟಿನಿಂದಲ್ಲ, ಮೆತ್ತಗೆ. ಮೆತ್ತಗೆ ಹೇಳಿದ್ದಕ್ಕೇ ಹೆಚ್ಚು ಹೆದರಿಕೆಯಾಯಿತು.

ಸಮೀರವಾಡಿಯಲ್ಲಿ ಫ್ಯಾಕ್ಟರಿ ಜನ ಇಳಿದರು. ನಾನು ಓದಿಕೊಂಡಿದ್ದ ನರಗಳ ಹೆಸರೂ ಅವರ ಹಿಂದೆಯೇ ಇಳಿದು ಹೋದವು. ಮುಧೋಳದಲ್ಲಿ ಚಹಾ ಕುಡಿಯುತ್ತ ಪುಸ್ತಕ ಮತ್ತೆ ಮೊದಲಿನಿಂದ ತೆರೆದೆ.

ಕಾಲೇಜಿನಲ್ಲಿ ಮೂವರು ಕೂತಿದ್ದರು. ಪುಸ್ತಕದ ಪ್ರಶ್ನೆ ಕೇಳುತ್ತಾರೆ ಅಂದುಕೊಂಡರೆ, ನಡುವೆ ಕೂತಿದ್ದ ಮೇಡಂ ವಾರ್ಡಿನಿಂದ ಒಬ್ಬ ಅಜ್ಜಿಯನ್ನು ವೀಲ್‌ಚೇರಿನಲ್ಲಿ ಕರೆಸಿದರು! ಪಾದದ ಕೀಲು ಮುರಿದಿತ್ತಂತೆ. ಪ್ಲಾಸ್ಟರ್ ತೆಗೆದು, ಕಾಲು ಊರಬಹುದು ಅಂತ ಡಾಕ್ಟರು ಹೇಳಿ ವಾರಗಳಾಗಿವೆ. ಬೀಳುವ ಹೆದರಿಕೆಗೆ ಅಜ್ಜಿ ಕಾಲನ್ನು ನೆಲಕ್ಕೆ ತಾಗಿಸಿಲ್ಲ.

"ಮೊದಲು ಕಾಲು ಪರೀಕ್ಷೆ ಮಾಡಿ. ಆಮೇಲೆ ನಿಲ್ಲಿಸಲು ನೋಡಿ" ಅಂದರು ಮೇಡಂ.

ಅಜ್ಜಿಯ ಮುಂದೆ ನೆಲದ ಮೇಲೆ ಕೂತೆ. ಅಜ್ಜಿ ನನ್ನ ಮುಖವನ್ನೇ ನೋಡಿದರು.

"ಯಾವೂರವ್ವಾ ನಿಂದು? ಯಾರ ಪೈಕಿ?"

ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗಲು ಆಗುತ್ತದೆಯೇ? ಬಾಯಿ ತಾನೇ ಹೇಳಿಬಿಟ್ಟಿತು.

"ಬೀಳಗಿ ಕಡೀರಿ ಆಯಿ. ಮಠದ ಪೈಕಿ."

ತಪ್ಪಾಗಿದ್ದು ಅಲ್ಲೇ. (ಗೊತ್ತಿಲ್ಲದವರಿಗೆ: ಮಠದ ಮನೆತನ ಅಂದರೆ ಊರವರು ಕಾಲಿಗೆರಗುವ ಮನೆತನ. ಎಪ್ಪತ್ತರ ಅಜ್ಜನೂ ನಮ್ಮ ಮನೆಯ ಏಳರ ಕೂಸಿಗೆ "ಶರಣ್ರಿ" ಅನ್ನುತ್ತಾನೆ.) ಅಂಥವರ ಕೈಯಲ್ಲಿ ಕಾಲು ಹಿಡಿಸಿಕೊಳ್ಳುವುದು ಅಂದರೆ ಪಾಪ.

ಅಜ್ಜಿ ಸರ್ರನೆ ಕಾಲು ಎಳೆದುಕೊಂಡರು.

"ಅಯ್ಯ ಶಿವನ! ಅಮ್ಮಾರ ಕೈಲೆ ಕಾಲ ಹಿಡಿಸಿಕೊಳ್ಳಾಕತ್ತಿದ್ನಲ್ರಿ ನಾ! ತಡೀರಿ, ಶರಣ ಮಾಡ್ತೇನಿ."

ಕುರ್ಚಿಯ ಕೈಗಳನ್ನು ಒತ್ತಿ ಹಿಡಿದು, ಅಜ್ಜಿ ಎದ್ದು ನಿಂತೇಬಿಟ್ಟರು. ಎರಡೂ ಕಾಲ ಮೇಲೆ!

ಅದೇ ಹೊತ್ತಿಗೆ ವೀಲ್‌ಚೇರ್ ಹಿಂದಕ್ಕೆ ಜಾರಿತು. ಬ್ರೇಕ್ ಹಾಕಿರಲಿಲ್ಲ. ಹಾಕಬೇಕಾದವಳು ನಾನು.

ನನ್ನ ಕಾಲಿಗೆ ಬಗ್ಗಲು ಹೊರಟ ಅಜ್ಜಿ ಮುಂದಕ್ಕೆ ವಾಲಿದರು. ಹೇಗೆ ಎದ್ದೆನೋ, ಹೇಗೆ ತಬ್ಬಿ ಹಿಡಿದೆನೋ ಗೊತ್ತಿಲ್ಲ. ಅಜ್ಜಿಯ ತಲೆ ನನ್ನ ಹೆಗಲ ಮೇಲಿತ್ತು. ಅವರ ಎದೆ ಬಡಿಯುತ್ತಿತ್ತು, ನನ್ನದು ಅದಕ್ಕಿಂತ ಜೋರಾಗಿ. ಈಕೆ ಬಿದ್ದಿದ್ದರೆ? ಸೀಟಿನ ನೆನಪೇ ಆಗಲಿಲ್ಲ ನೋಡಿ ಆಗ.

ಕೂರಿಸಿ, ಬ್ರೇಕ್ ಹಾಕಿ, ಬೇಡಿಕೊಂಡೆ. "ಆಯಿ, ಇಲ್ಲಿ ನಾ ಬರೇ ಡಾಕ್ಟರ್ರಿ. ಕಾಲ ತೋರಸ್ರಿ."

"ಡಾಕ್ಟರ್ ಬ್ಯಾರೇದಾರ ಅದಾರಲ್ರಿ ಅಮ್ಮಾರ. ನನಗ ಪಾಪ ಹಚ್ಚಬ್ಯಾಡ್ರಿ." ಕಾಲು ಸೀರೆಯೊಳಗೆ ಹೋಯಿತು. ಆಮೇಲೆ ಹೊರಬರಲಿಲ್ಲ.

ಅಜ್ಜಿಯನ್ನು ವಾರ್ಡಿಗೆ ಕರೆದುಕೊಂಡು ಹೋದ ಮೇಲೆ ಮೇಡಂ ಶುರು ಮಾಡಿದರು.

"ಬ್ರೇಕ್?"

"ಮರೆತೆ ಮೇಡಂ."

"ಇಷ್ಟು ದಿನ ಹೆದರಿ ನಿಲ್ಲದವರು ಈಗ ಹೇಗೆ ನಿಂತರು?"

"ಬೀಳೋ ಹೆದರಿಕೆಗಿಂತ ಪಾಪದ ಹೆದರಿಕೆ ದೊಡ್ಡದಿತ್ತು ಮೇಡಂ."

ಮೇಡಂ ನಗಲಿಲ್ಲ. "ನಿಮ್ಮ ಕ್ಲಿನಿಕ್ಕಿನಲ್ಲಿ ಇಂಥವರು ಬಂದರೆ ಏನು ಮಾಡ್ತೀರಿ?"

ಇದ್ದದ್ದನ್ನೇ ಹೇಳಿದೆ. ನಮ್ಮಲ್ಲಿ ಶಾಂತಾ ಅಂತ ನರ್ಸ್ ಇದ್ದಾಳೆ. ನಾನು ಮಠದವಳೆಂದು ಹಿಂಜರಿಯುವ ಪೇಶೆಂಟ್ ಬಂದರೆ ದೂರ ನಿಂತು ಹೇಳುತ್ತೇನೆ, ಅವಳು ಕಾಲು ಹಿಡಿದು ಮಾಡುತ್ತಾಳೆ. ಎಷ್ಟೋ ವರ್ಷದಿಂದ ಹೀಗೇ ನಡೆದಿದೆ. ಅವರಿಗೂ ಸಮಾಧಾನ, ನಮಗೂ ಮರ್ಯಾದೆ.

ರಿಸಲ್ಟ್ ಇನ್ನೂ ಬಂದಿಲ್ಲ. ಫೋನ್ ಸದ್ದಾದರೆ ಓಡಿ ಹೋಗಿ ಎತ್ತುತ್ತೇನೆ. ಯಜಮಾನರು ಏನೂ ಕೇಳುತ್ತಿಲ್ಲ, ಮೆತ್ತಗಿದ್ದಾರೆ. ಆದರೆ ಸೀಟು ಸಿಗದೆ ಹೋದೀತು ಅನ್ನುವುದಕ್ಕಿಂತ, ಬಾಗಿಲ ತನಕ ಹೋದವಳನ್ನು ತಿರುಗಿಸಿ ಮೇಡಂ ಕೇಳಿದ್ದೇ ನನ್ನನ್ನು ಹೆಚ್ಚು ಹೆದರಿಸುತ್ತಿದೆ:

"ಹಾಗಾದರೆ ಸೀಟು ನಿಮಗೆ ಕೊಡಬೇಕೋ, ಶಾಂತಾಳಿಗೋ?"