ಹನ್ನೊಂದು ಫ್ಲಾಪಿ ಮೂರಾದದ್ದು

ಮೇಡಂ ಅವರ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಉಳಿದ ಒಂಬತ್ತು ಬೆರಳು ಕೀಬೋರ್ಡಿನ ಮೇಲೆ ಓಡುವಾಗ ಅದೊಂದು ನೆಟ್ಟಗೆ ನಿಂತು ನಮ್ಮನ್ನೇ ಗದರುವಂತೆ ಕಾಣುತ್ತಿತ್ತು.

ಬೈಲಹೊಂಗಲದ ಪೇಟೆಯಲ್ಲಿ, ಬಟ್ಟೆ ಅಂಗಡಿಯ ಮಹಡಿಯಲ್ಲಿ ಅವರ ಕಂಪ್ಯೂಟರ್ ಕ್ಲಾಸು. ಇದ್ದ ಐದು ಯಂತ್ರಗಳಲ್ಲಿ ಒಂದರ ಮುಂದೆ ಯಾರನ್ನೂ ಕೂರಿಸುತ್ತಿರಲಿಲ್ಲ. ವಾರಕ್ಕೊಮ್ಮೆ ಅದನ್ನು ಪೂರ್ತಿ ಅಳಿಸಿ ಖಾಲಿ ಮಾಡುತ್ತಿದ್ದರು. "ಅದಕ್ಕ ಏನೂ ಗೊತ್ತಿಲ್ಲ. ಅದು ಹೂಂ ಅಂದ್ರ ಊರಾಗಿನ ಎಲ್ಲಾ ಮಷೀನೂ ಹೂಂ ಅಂತಾವ" ಎನ್ನುತ್ತಿದ್ದರು. ನಾವು ಅವರ ಬೆನ್ನ ಹಿಂದೆ ನಗುತ್ತಿದ್ದೆವು.

ಎರಡು ಸಾವಿರದ ಆಸುಪಾಸು. ನವಿಲುತೀರ್ಥದ ಕಾಲುವೆ ಕೆಳಗಿನ ಒಂದೂರಿನ ನೀರು ಬಳಕೆದಾರರ ಸಂಘಕ್ಕೆ, ಯಾರ ಹೊಲಕ್ಕೆ ಯಾವಾಗ ನೀರು ಎಂದು ತಿಳಿಸುವ ಪಾಳಿ ಚೀಟಿ ಮುದ್ರಿಸುವ ಪ್ರೋಗ್ರಾಮು ಬರೆದೆ. ಅದು ನನ್ನ ಮೊದಲನೆಯದು. ಪ್ಯಾಕ್ ಮಾಡಿದರೆ ಹನ್ನೊಂದು ಫ್ಲಾಪಿ! ಸಂಘದ ಕಂಪ್ಯೂಟರಿಗೆ ಸಿಡಿ ಡ್ರೈವ್ ಇರಲಿಲ್ಲ. ಬಸ್ಸಿನಲ್ಲಿ ಒಯ್ದು ಹಾಕಿದರೆ ಒಂಬತ್ತನೆಯದು ಕೆಟ್ಟಿತ್ತು.

"ತಂಗಿ, ಇದು ಪ್ರೋಗ್ರಾಮ್ ಐತ್ಯೋ ಸಂಸಾರ ಐತ್ಯೋ?" ಎಂದು ಸಂಘದ ಅಧ್ಯಕ್ಷರು ನಕ್ಕರು. "ಸೋಮವಾರ ನೀರು ಬಿಡ್ತಾರ. ಅಷ್ಟರಾಗ ಆಗ್ಲಿಲ್ಲಂದ್ರ ನಾವು ಕೈಲೇ ಬರಕೋತೇವಿ."

ಅಳುಮೋರೆ ಹಾಕಿಕೊಂಡು ಬಂದೆ. ಮೇಡಂ ಸಮಾಧಾನ ಹೇಳಲಿಲ್ಲ. ಕಡತಗಳನ್ನು ಗಾತ್ರದ ಪ್ರಕಾರ ಜೋಡಿಸಲು ಹೇಳಿದರು. ಎಲ್ಲಕ್ಕಿಂತ ಮೇಲೆ ನಾನು ಆಸೆಪಟ್ಟು ಹಾಕಿದ್ದ ಕಿತ್ತೂರು ಕೋಟೆಯ ಚಿತ್ರ. ಪರದೆಯ ಮೇಲೆ ಅಂಗೈಯಗಲ ಕಾಣಲು ಗೋಡೆಗೆ ಹಾಕುವಷ್ಟು ದೊಡ್ಡದನ್ನು ತುರುಕಿದ್ದೆ. ಅದರ ಕೆಳಗೆ ಗ್ರಾಫ್ ಬಿಡಿಸುವ ಕಡತಗಳು. ನನ್ನ ಪ್ರೋಗ್ರಾಮಿನಲ್ಲಿ ಗ್ರಾಫೇ ಇರಲಿಲ್ಲ.

"ಇವನ್ನ ಯಾರ್ ಹಾಕಿದ್ರು?"

"ಪ್ಯಾಕ್ ಮಾಡೋ ಸಾಫ್ಟ್‌ವೇರ್ ತಾನ ತುಂಬೇತ್ರಿ."

"ಅದು ತಾನ ತುಂಬಿದ್ರ ನೀ ಎದಕ್ಕ ಇದ್ದಿ?"

ಒಂದನ್ನು ತೆಗೆಯುವುದು, ಖಾಲಿ ಯಂತ್ರದಲ್ಲಿ ಹಾಕಿ ನೋಡುವುದು, ಮತ್ತೊಂದನ್ನು ತೆಗೆಯುವುದು. ಎರಡು ದಿನಕ್ಕೆ ಹನ್ನೊಂದು ಮೂರಾಯಿತು. ನನಗೆ ಹುರುಪು ಬಂತು. ಇನ್ನೊಂದು ಕಡತ ಕಿತ್ತು ಎರಡಕ್ಕೆ ಇಳಿಸಿದೆ. ನನ್ನ ಯಂತ್ರದಲ್ಲಿ ಚೆನ್ನಾಗಿಯೇ ಓಡಿತು. ಖಾಲಿ ಯಂತ್ರದಲ್ಲಿ ತೆರೆಯಲೇ ಇಲ್ಲ. ಆ ಕಡತ ನನ್ನ ಯಂತ್ರದಲ್ಲಿ ಮೊದಲೇ ಇತ್ತು, ಖಾಲಿಯದರಲ್ಲಿರಲಿಲ್ಲ. ಅಂದಿನಿಂದ ಆ ಯಂತ್ರದ ಮಾತಿಗೆ ನಗುವುದನ್ನು ಬಿಟ್ಟೆ.

"ಮೂರ ಇರ್ಲಿ. ಸಣ್ಣದು ಮಾಡೂದು ದೊಡ್ಡಸ್ತಿಕಿ ಅಲ್ಲ, ಅಲ್ಲಿ ಓಡಬೇಕು" ಎಂದರು ಮೇಡಂ.

ಸೋಮವಾರ ಬೆಳಿಗ್ಗೆ ಅವರೂ ನನ್ನ ಜೊತೆ ಬಂದರು. ನೀರು ಬರುವ ಮೊದಲೇ ಚೀಟಿಗಳು ಬಂದವು. ಅಧ್ಯಕ್ಷರು ಮೇಡಂಗೆ ಕೈ ಮುಗಿದರೆ, "ನನಗಲ್ರಿ, ಆಕಿಗೆ ಹೇಳ್ರಿ" ಎಂದು ಮೇಡಂ ಹಿಂದೆ ಸರಿದರು.

ಮೇಡಂ ತೀರಿಕೊಂಡು ಬಹಳ ವರ್ಷಗಳಾದವು. ಅವರ ಶಿಷ್ಯೆ ಎಂದು ಹೇಳಿಕೊಳ್ಳುವುದು ಈಗಲೂ ನನಗೆ ಹೆಮ್ಮೆ. ಆದರೆ ಅವರ ಹೆಮ್ಮೆಯನ್ನು ಕಂಡದ್ದು ಒಂದೇ ಸಲ, ಅಂದು ಹಿಂದಿರುಗುವ ಬಸ್ಸಿನಲ್ಲಿ. ನನ್ನೆದುರು ಒಂದು ದಿನವೂ ನನ್ನನ್ನು ಹೊಗಳದ ಅವರು, ಟಿಕೆಟ್ ಕೇಳಲು ಬಂದ ಕಂಡಕ್ಟರಿಗೆ ಊರಿನ ಹೆಸರು ಹೇಳುವ ಮೊದಲೇ ಹೇಳಿದರು: "ಈಕಿ ನನ್ನ ವಿದ್ಯಾರ್ಥಿನಿ ರೀ. ಈಕಿ ಬರದ ಪ್ರೋಗ್ರಾಮ್ ಇವತ್ತ ಓಡೇತಿ."