ದೇವರ ಪಟದ ಹಿಂದಿನ ಭರಣಿ

ಕಳೆದ ಆಷಾಢದಲ್ಲಿ ನನ್ನ ಯಜಮಾನರು ಇದ್ದಕ್ಕಿದ್ದಂತೆ ದೈವಭಕ್ತರಾದರು. ಎಂಟು ಗಂಟೆಗೆ ಎಬ್ಬಿಸಿದರೂ ಮಗ್ಗುಲು ಬದಲಿಸುತ್ತಿದ್ದವರು ಆರಕ್ಕೇ ಎದ್ದು ಸ್ನಾನ ಮುಗಿಸಿ, "ಇನ್ಮೇಲೆ ಪೂಜೆ ನಾನೇ ಮಾಡ್ತೀನಿ ಬಿಡು" ಎಂದರು. ನಾನು ಹಿಗ್ಗಿ ಹೀರೆಕಾಯಿಯಾದೆ. ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಎರಡು ಮೊಳ ಸೇವಂತಿಗೆ ಹೆಚ್ಚಿಗೆ ತಂದೆ. ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅದಕ್ಕೆ ಎರಡು ವರ್ಷ ಹಿಂದೆ ಜೆ.ಪಿ. ನಗರದಲ್ಲಿ ಸ್ಕೂಟರಿನಿಂದ ಬಿದ್ದು ಇವರ ಬೆನ್ನಿಗೆ ಪೆಟ್ಟಾಗಿತ್ತು. ನೋವಿಗೆಂದು ಕೊಟ್ಟ ಮಾತ್ರೆ, ನೋವು ಹೋದ ಮೇಲೂ ಇವರನ್ನು ಬಿಡಲಿಲ್ಲ. ಕೊನೆಗೆ ಗೊಟ್ಟಿಗೆರೆಯಾಚೆಯ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ನಲವತ್ತು ದಿನ ಇದ್ದು ಬಂದರು. ನಮ್ಮ ಜೊತೆಗೇ ಇರುವ ಅತ್ತೆಗೆ, ಆಫೀಸಿನವರು ಮೈಸೂರಿಗೆ ಟ್ರೈನಿಂಗಿಗೆ ಕಳಿಸಿದ್ದಾರೆ ಎಂದು ಸುಳ್ಳು ಹೇಳಿದವಳು ನಾನು. ಬಂದ ಮೇಲೆ ಹನ್ನೊಂದು ತಿಂಗಳು ಇವರು ಮಾತ್ರೆ ಮುಟ್ಟಿರಲಿಲ್ಲ.

ಅಷ್ಟರಲ್ಲಿ ಅತ್ತೆಯ ಮಂಡಿಗೆ ಆಪರೇಷನ್ ಆಯಿತು. ಡಾಕ್ಟರು ಬರೆದುಕೊಟ್ಟದ್ದು ಅದೇ ಮಾತ್ರೆ. ಎಲ್ಲಿಡುವುದು? ಬೀರುವಿನ ಬೀಗ ಇವರಿಗೆ ಯಾವ ಲೆಕ್ಕವೂ ಅಲ್ಲವೆಂದು ಹಿಂದೆಯೇ ನೋಡಿದ್ದೆ. ಆದರೆ ನಮ್ಮದು ಮಡಿಯ ಮನೆ. ಸ್ನಾನ ಮಾಡದೆ ಯಾರೂ ದೇವರ ಮನೆಯ ಹೊಸ್ತಿಲು ದಾಟುವುದಿಲ್ಲ. ಮಾತ್ರೆಯ ದಿನಗಳಲ್ಲಂತೂ ಇವರು ಬಚ್ಚಲ ಕಡೆ ತಲೆ ಹಾಕುತ್ತಿರಲಿಲ್ಲ. ಹಾಗಾಗಿ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಬೆಳ್ಳಿಯ ಕುಂಕುಮದ ಭರಣಿಗೆ ತುಂಬಿ ದೇವರ ಪಟದ ಹಿಂದಿಟ್ಟೆ. ಒಂದು ಬಕೆಟ್ ನೀರು ಸುರಿದುಕೊಂಡರೆ ತೆರೆಯುವ ಬೀಗ ಅದು ಎಂದು ನನಗೆ ಹೊಳೆಯಲೇ ಇಲ್ಲ. ಅಂಥ ಬುದ್ಧಿವಂತೆ ನಾನು.

ಇವರ ಪೂಜೆ ಶುರುವಾದ ವಾರಕ್ಕೆ ಅತ್ತೆಯ ನರಳಾಟವೂ ಶುರುವಾಯಿತು.

"ತಡೆಯಕ್ಕಾಗ್ತಿಲ್ಲ ಕಣಮ್ಮ. ಮಾತ್ರೆ ಒಂಚೂರೂ ಹಿಡೀತಿಲ್ಲ."

"ಎಲ್ರಿಗೂ ಆಗೋದೇ ಅತ್ತೆ. ಪಕ್ಕದ್ಮನೆ ಆಂಟಿ ಇದೇ ಆಪರೇಷನ್ ಆಗಿ ತಿಂಗಳಿಗೇ ಮಾರ್ಕೆಟ್ಟಿಗೆ ಹೋಗ್ತಿದ್ರು. ನೀವು ಮನಸ್ಸು ಗಟ್ಟಿ ಮಾಡ್ಕೋಬೇಕು."

ಎರಡು ಮೂರು ಸಲ ಹೀಗೇ ಅಂದೆ. ಆಮೇಲೆ ಅವರು ಹೇಳುವುದನ್ನೇ ಬಿಟ್ಟರು. ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ವಾಕರ್ ಹಿಡಿದು ನಡೆಯುತ್ತಿದ್ದರು.

ಭರಣಿ ಖಾಲಿಯಾಗುತ್ತ ಬಂದಾಗ ಹೊಸ ಸ್ಟ್ರಿಪ್ ತಂದೆ. ಬೆಳಿಗ್ಗೆ ಅದನ್ನು ಬಿಡಿಸುವಾಗ ನೋಡುತ್ತೇನೆ, ಮಾತ್ರೆಯ ನಡುವೆ ಒಂದು ಗೆರೆ. ಹಿಂದಿನ ದಿನ ಭರಣಿಯಿಂದ ತೆಗೆದು ಅತ್ತೆಯ ತಲೆದೆಸೆಯಲ್ಲಿಟ್ಟಿದ್ದ, ಅವರಿನ್ನೂ ನುಂಗದಿದ್ದ ಮಾತ್ರೆಗೆ ಗೆರೆಯಿಲ್ಲ. ಅದು ಅದೇ ಬಣ್ಣ, ಅದೇ ಗಾತ್ರದ ನಮ್ಮ ಮನೆಯ ಗ್ಯಾಸ್ಟ್ರಿಕ್ ಮಾತ್ರೆ.

ಒಳಗೆ ಇವರು ಮಂಗಳಾರತಿಗೆ ಗಂಟೆ ಬಾರಿಸುತ್ತಿದ್ದರು. ನನಗಿನ್ನೂ ಸ್ನಾನವಾಗಿರಲಿಲ್ಲ. ಹಾಗೇ ದೇವರ ಮನೆಗೆ ನುಗ್ಗಿದೆ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಬಾಯಿಂದ ಏಕವಚನ ಬಂತು.

"ಅಮ್ಮನ ಮಾತ್ರೇನ ನೀನು ತಿಂದ್ಯಾ?"

ಗಂಟೆ ನಿಂತಿತು. ಇವರು ಅಲ್ಲೇ ನೆಲದ ಮೇಲೆ ಕುಕ್ಕರಿಸಿದರು.

"ಒಂದೇ ಒಂದು ಅಂತ ಶುರು ಮಾಡ್ದೆ ಕಣೇ. ಬಿಡಕ್ಕಾಗ್ಲಿಲ್ಲ."

ಇದೊಂದು ಕಾಯಿಲೆ, ಮರುಕಳಿಸಬಹುದು, ಬೈಯಬೇಡಿ ಎಂದು ಕೇಂದ್ರದವರು ಹೇಳಿದಾಗ ನಾನು ಗೋಣು ಆಡಿಸಿದ್ದೆ. ಆದರೆ ಆವತ್ತು ಆ ಗಂಟೆಯನ್ನೇ ಕಿತ್ತು ಇವರ ಮೇಲೆ ಎಸೆಯುವಷ್ಟು ರೋಷ ಬಂತು. ಮರುಕ್ಷಣ ಕುಂಕುಮ ಹಚ್ಚಿದ ಆ ಹಣೆ ನೋಡಿ ಪಾಪ ಅನ್ನಿಸಿತು. ಎರಡೂ ನಿಜ.

"ಇವತ್ತೇ ಮತ್ತೆ ಅಲ್ಲಿಗೆ ಹೋಗೋಣ. ನಾನೂ ಬರ್ತೀನಿ. ಆದ್ರೆ ಅಮ್ಮನ ಹತ್ರ ನೀವೇ ಹೇಳ್ಬೇಕು, ಈ ಸಲ ನಾನು ಸುಳ್ಳು ಹೇಳಲ್ಲ. ಹೇಳಕ್ಕಾಗಲ್ಲ ಅಂದ್ರೆ ನಾನು ಇಲ್ಲೇ ಶ್ರೀನಗರದಲ್ಲಿರೋ ಅಕ್ಕನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ."

ಬರೀ ಬೆದರಿಕೆಯಲ್ಲ ಅದು. ಅಟ್ಟದಿಂದ ಬ್ಯಾಗ್ ಇಳಿಸಿ ಮಂಚದ ಮೇಲಿಟ್ಟೆ. ಅದಕ್ಕೆ ಯಾರ ಬಟ್ಟೆ ತುಂಬಬೇಕೆಂದು ಇವರೇ ತೀರ್ಮಾನಿಸಲಿ ಎಂದು ಕಾದೆ.

ತಿಂಡಿಯ ಹೊತ್ತು ಮೀರಿದ ಮೇಲೆ ಇವರು ಎದ್ದು ಹೋಗಿ ತಾಯಿಯ ಮಂಚದ ಪಕ್ಕ ನೆಲದ ಮೇಲೆ ಕೂತರು. ಎಲ್ಲವನ್ನೂ ಹೇಳಿದರು. ಬೆನ್ನುನೋವು, ನಲವತ್ತು ದಿನ, ಮೈಸೂರಿನ ಸುಳ್ಳು, ಭರಣಿ, ಗ್ಯಾಸ್ಟ್ರಿಕ್ ಮಾತ್ರೆ. ನಾನು ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಅಳುತ್ತಾರೆ, ಇಲ್ಲವೇ ನನ್ನ ಮಗನನ್ನು ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ ಎನ್ನುತ್ತಾರೆ ಎಂದುಕೊಂಡು ಎರಡಕ್ಕೂ ಉತ್ತರ ಹೊಂದಿಸಿಕೊಂಡಿದ್ದೆ.

ಅವರು ಮಗನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ನೋಡಿದರು.

"ಹಾಗಾದ್ರೆ ನಂಗೆ ನೋವಿದ್ದಿದ್ದು ನಿಜಾನೇ ಅಲ್ವೇನಮ್ಮಾ?"



ಹೊಸ ಸ್ಟ್ರಿಪ್ಪಿನಿಂದ ಒಂದು ಮಾತ್ರೆ ಬಿಡಿಸಿ ಅವರ ಅಂಗೈಗೆ ಹಾಕಿದೆ. ಅವರು ಅದರ ಗೆರೆಯನ್ನು ಬೆರಳಿನಿಂದ ಸವರಿ ನೋಡಿ ನುಂಗಿದರು. ನೀರಿನ ಲೋಟ ಹಿಡಿದು ಕೊಟ್ಟವರು ಇವರು. ನಾನು ರೂಮಿಗೆ ಹೋಗಿ ಬ್ಯಾಗಿಗೆ ಇವರ ಬಟ್ಟೆ ತುಂಬಿದೆ.