ನಾಟಿ ಹೆಂಗಸರ ಕಬ್ಬಿಣದ ಮಾತ್ರೆ

ಕೆ.ಆರ್. ನಗರದ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ನರ್ಸ್. ಅಲ್ಲಿ ಭತ್ತದ ನಾಟಿಗೆ ಹೋಗುವ ಹೆಂಗಸರಿಗೆ ರಕ್ತ ತೀರಾ ಕಡಿಮೆ ಇತ್ತು. ಮಧ್ಯಾಹ್ನವಾದರೆ ತಲೆಸುತ್ತಿ ಬದುವಿನ ಮೇಲೆ ಕೂರುತ್ತಿದ್ದರು. ಕಬ್ಬಿಣದ ಮಾತ್ರೆ ಕೊಟ್ಟರೆ ವಾಸನೆ ಎಂದು ಎಸೆದುಬಿಡುತ್ತಿದ್ದರು. ಕೊನೆಗೆ ಅವರ ಗುಂಪಿನ ಮುಂದಾಳು ಜಯಮ್ಮನಿಗೆ ದುಂಬಾಲು ಬಿದ್ದೆ. ಆಕೆ ಬೇಸಿಗೆ ಪೂರ್ತಿ ಎದುರಿಗೆ ನಿಂತು ಎಲ್ಲರಿಗೂ ನುಂಗಿಸಿದಳು.

ನಾಟಿ ಶುರುವಾದ ವಾರಕ್ಕೆ, ಗದ್ದೆಯ ಯಜಮಾನ ಸಿದ್ದೇಗೌಡರು ನನ್ನ ಬಾಗಿಲಲ್ಲಿ ನಿಂತಿದ್ದರು.

"ಏನ್ ಮಾತ್ರೆ ಕೊಟ್ರಿ ಸಿಸ್ಟರಮ್ಮ, ನಮ್ ಹೆಣ್ಣಾಳ್ಗಳಿಗೆ?"

ನಾನು ದಡಬಡಿಸಿ ಎದ್ದೆ. "ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಆಗೋದೇನು! ಸಂಜೆಗಂಟ ಎಳೀತಿದ್ದ ಗದ್ದೇನ ಮೂರು ಗಂಟೆಗೇ ಮುಗ್ಸವ್ರೆ. ಈಗ ಆ ಜಯಮ್ಮ, ದಿನಗೂಲಿ ಬ್ಯಾಡ, ಗುತ್ತಿಗೆ ಕೊಡಿ ಅಂತಾವ್ಳೆ. ಬೇಗ ಮುಗ್ಸಿ ಪಕ್ಕದ ಗದ್ದೆಗೂ ಓಯ್ತಾರಂತೆ ಕಣ್ರೀ!"

"ಅದರಿಂದ ನಿಮಗೆ ನಷ್ಟವೇ ಗೌಡ್ರೇ?"

ಅವರು ತಲೆ ಕೆರೆದುಕೊಂಡರು. "ನಷ್ಟ ಏನಿಲ್ಲ ಬುಡಿ. ಈ ಸಲ ಎಲ್ಲರಿಗಿಂತ ಮೊದ್ಲು ನಂದೇ ನಾಟಿ ಮುಗೀತದೆ." ಆಮೇಲೆ ದನಿ ತಗ್ಗಿಸಿದರು. "ನಮ್ಮನೆಯವ್ಳೂ ಸುಸ್ತು ಸುಸ್ತು ಅಂತಾಳೆ. ಅವ್ಳಿಗೂ ಒಸಿ ಕೊಡಿ."

ರಕ್ತ ನೋಡದೆ ಕೊಡಲಾರೆ ಎಂದೆ. ಮರುದಿನ ಅವರ ಹೆಂಡತಿ ಬಂದರು. ಅವರಿಗೂ ರಕ್ತ ಕಡಿಮೆಯೇ. ಮಾತ್ರೆಗಳನ್ನು ಸೆರಗಿಗೆ ಕಟ್ಟಿಕೊಂಡು ಹೊರಟವರು ತಿರುಗಿ ನಿಂತರು.

"ನಮ್ ಯಜಮಾನ್ರಿಗೂ ಕೊಡ್ಬೋದಾ? ಬದಿನ್ ಮ್ಯಾಲೆ ನಿಂತು ನೋಡಕ್ಕೇ ಸುಸ್ತಾಯ್ತಾರೆ."

ಅಂಥ ಮಾತ್ರೆ ಸರ್ಕಾರದಿಂದ ಇನ್ನೂ ಸರಬರಾಜಾಗಿಲ್ಲ ಎಂದೆ.